ಅಂಬಾಸಿಡರ್ ಹಿಂದೆ ಕುಳಿತುಬಿಟ್ಟಿದೆ: ಹೊಸ ಲೀಫ್ ಸೆಟ್ ಹಾಕುವುದಾ, ಇದ್ದದ್ದಕ್ಕೇ ಕ್ಯಾಂಬರ್ ಕೊಡಿಸುವುದಾ?

ಕಾಪು_ಮಾರ್ಕ್3:

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 1978ರ ಅಂಬಾಸಿಡರ್ ಮಾರ್ಕ್ 3 ಉಂಟು. 1489 ಸಿಸಿ ಪೆಟ್ರೋಲ್. ಅಜ್ಜ ತೆಗೆದದ್ದು. ಅಪ್ಪ ಅದರಲ್ಲಿ ತೆಂಗಿನಕಾಯಿ, ಅಕ್ಕಿ ಮೂಟೆ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತಿದ್ದಾರೆ. ಈಗ ಅದು ನನ್ನ ಭಾನುವಾರದ ಗಾಡಿ. ಕಾಪುವಿನಿಂದ ಉಡುಪಿ, ತುಂಬಾ ಅಂದರೆ ಕಟೀಲು, ಕೊಲ್ಲೂರು.

ತೊಂದರೆ ಏನಂದರೆ ಹಿಂಭಾಗ ಕುಳಿತುಬಿಟ್ಟಿದೆ. ಬಲಗಡೆ ಇನ್ನೂ ಜಾಸ್ತಿ. ಹಿಂದೆ ಮೂರು ಜನ ಕೂತು ಒಂದು ಹಂಪ್ ಹಾರಿಸಿದರೆ ಕೆಳಗಿಂದ ಡಬ್ ಅಂತ ಶಬ್ದ ಬರುತ್ತದೆ. ರಾತ್ರಿ ಹೆದ್ದಾರಿ 66ರಲ್ಲಿ ಹೋದರೆ ಎದುರಿನ ಲಾರಿಯವರೆಲ್ಲ ಲೈಟ್ ಮಿಂಚಿಸಿ ಬೈಯುತ್ತಾರೆ. ಡಿಮ್ ಹಾಕಿದ್ದರೂ ನನ್ನ ಹೆಡ್‌ಲೈಟ್ ತೆಂಗಿನ ಗರಿ ನೋಡುತ್ತಿರುತ್ತದೆ.

ಮೂರು ಕಡೆ ಕೇಳಿದೆ, ಮೂರು ಮಾತು. ಉಡುಪಿ ಹತ್ತಿರದ ಒಬ್ಬರು ಲೀಫ್‌ಗಳನ್ನು (ಹಿಂದಿನ ಸ್ಪ್ರಿಂಗಿನ ಬಾಗಿದ ಉಕ್ಕಿನ ಪಟ್ಟಿಗಳನ್ನು) ಕುಲುಮೆಯಲ್ಲಿ ಕಾಯಿಸಿ ಬೆಂಡ್, ಅಂದರೆ ಕ್ಯಾಂಬರ್, ಕೊಡುತ್ತೇನೆ, ಸಂಜೆಗೆ ಗಾಡಿ ತೆಗೆದುಕೊಂಡು ಹೋಗಿ ಅಂದರು. ಇನ್ನೊಂದು ಗ್ಯಾರೇಜಿನಲ್ಲಿ ಪಿಕಪ್ಪಿನ ಒಂದು ಲೀಫ್ ಸೇರಿಸಿದರೆ ಜನ್ಮಕ್ಕೂ ಕೂರುವುದಿಲ್ಲ ಅಂದರು. ಮೂರನೆಯವರು ಬೆಂಗಳೂರಿಂದ ಹೊಸ ಸೆಟ್ ತರಿಸಿ, ಉಳಿದದ್ದೆಲ್ಲ ಸುಮ್ನೆ ಅಂದರು.

ಇನ್ನೊಂದು ಆಸೆ, ನಗಬೇಡಿ. ದೊಡ್ಡಪ್ಪನ ಮಗ ದುಬೈಯಲ್ಲಿ ಒಂದು 1969ರ ಮಸ್ಟಾಂಗ್ ಫೋಟೋ ತೆಗೆದು ಕಳಿಸಿದ. ಹಿಂದೆ ಎತ್ತರ, ಮುಂದೆ ತಗ್ಗು, ಈಗಲೇ ಹಾರುತ್ತದೆ ಅನ್ನುವ ಹಾಗೆ ನಿಂತಿದೆ. ಉದ್ದದ ಶಾಕಲ್ (ಸ್ಪ್ರಿಂಗಿನ ಹಿಂದಿನ ತುದಿಯನ್ನು ಬಾಡಿಗೆ ತೂಗಿಸುವ ಕೊಂಡಿ) ಹಾಕಿದರೆ ನಮ್ಮ ಗಾಡಿಗೂ ಆ ಲುಕ್ ಬರುತ್ತದಂತೆ. ಹೌದಾ?

ಘಾಟಿ_ಸವಾರ:

ಲೀಫ್ ಸೇರಿಸಿ, ಕೆಲಸ ಮುಗಿಯಿತು. ನಾವು ಕಾರ್ಕಳದಿಂದ ಆಗುಂಬೆಗೆ ಬಾಡಿಗೆ ಓಡಿಸುವಾಗ ಎಲ್ಲ ಅಂಬಾಸಿಡರ್‌ಗೂ ಒಂದು ಪ್ಲೇಟ್ ಜಾಸ್ತಿಯೇ ಇರುತ್ತಿತ್ತು. ಒಳಗೆ ಏಳು ಜನ, ಕ್ಯಾರಿಯರ್ ಮೇಲೆ ಸಾಮಾನು. ಯಾರೂ ಎಂಜಿನಿಯರ್ ಹತ್ತಿರ ಕೇಳಲಿಲ್ಲ. ಹೊಸ ಸೆಟ್ ಎಲ್ಲ ದುಡ್ಡು ಜಾಸ್ತಿ ಇದ್ದವರಿಗೆ.

ಹಳೇ_ಸ್ಪಾನರ್:

ಕಾಪು ಅವರೇ, ಯಾರ ಮಾತೂ ಕೇಳುವ ಮೊದಲು ಒಂದು ಸಂಗತಿ ತಲೆಗೆ ಹಾಕಿಕೊಳ್ಳಿ. ಗಾಡಿಯ ಎತ್ತರ ಬೇರೆ, ಸ್ಪ್ರಿಂಗ್‌ನ ಗಟ್ಟಿತನ ಬೇರೆ. ನಿಮ್ಮ ಗಾಡಿ ಕಳೆದುಕೊಂಡದ್ದು ಎತ್ತರ. ನಿಮಗೆ ಮಾರಲು ಹೊರಟದ್ದು ಗಟ್ಟಿತನ.

ನಾನು ಮೂಲ್ಕಿಯವ. ಕುವೈತಿನ ಶುವೈಖ್‌ನಲ್ಲಿ ಗ್ಯಾರೇಜ್ ಕೆಲಸ ಮಾಡಿ ಬಂದವ. ಅಲ್ಲಿ ಅಮೆರಿಕದ ಹಳೆ ಗಾಡಿಗಳ ಹುಚ್ಚು ಎಷ್ಟೆಂದು ಅಲ್ಲಿದ್ದವರಿಗೆ ಗೊತ್ತು. ಮಸ್ಟಾಂಗ್, ಕಮಾರೊ, ಚಾರ್ಜರ್. ದೊಡ್ಡ ವಿ8 ಎಂಜಿನ್, ಮುಂದೆ ನೋಡಿದರೆ ಹುಲಿ. ಹಿಂದೆ ಬಗ್ಗಿ ನೋಡಿದರೆ ನಿಮ್ಮ ಅಂಬಾಸಿಡರ್‌ನಲ್ಲಿ ಇರುವುದೇ ಇರುವುದು: ಒಂದು ಗಟ್ಟಿ ಆಕ್ಸಲ್, ಎರಡು ಲೀಫ್ ಸೆಟ್, ಮುಂದಿನ ತುದಿಯ ಉಂಗುರಕ್ಕೊಂದು ಐ ಬೋಲ್ಟ್, ಹಿಂದೊಂದು ಶಾಕಲ್. ಹಾಗಾಗಿ ನಿಮ್ಮ ಆಸೆಗೆ ನಾನು ನಗುವುದಿಲ್ಲ. ಶಾಕಲ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕುಲುಮೆ. ಬೇಡ. ಸ್ಪ್ರಿಂಗ್ ಪಟ್ಟಿಯನ್ನು ಫ್ಯಾಕ್ಟರಿಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಡಿಮೆ ಬಿಸಿಯಲ್ಲಿ ಹದ ಮಾಡಿರುತ್ತಾರೆ. ಆ ಹದದಲ್ಲೇ ಅದರ ಜೀವ ಇರುವುದು. ಕುಲುಮೆಯಲ್ಲಿ ಇನ್ನೊಮ್ಮೆ ಕೆಂಪಗೆ ಮಾಡಿ, ಬಡಿದು, ನೆಲದ ಮೇಲೆ ಆರಲು ಇಟ್ಟರೆ ಹದ ಹೋಯಿತು. ಸಂಜೆ ಗಾಡಿ ಚೆಂದ ಎದ್ದು ನಿಂತಿರುತ್ತದೆ. ಒಂದು ಮಳೆಗಾಲ ಕಳೆಯುವಾಗ ಮತ್ತೆ ಕುಳಿತಿರುತ್ತದೆ. ಎಣ್ಣೆ ತೊಟ್ಟಿ, ಹದ ಮಾಡುವ ಒಲೆ ಎರಡೂ ಇರುವ ಸ್ಪ್ರಿಂಗ್ ಕೆಲಸದವರಾದರೆ ಬೇರೆ ಮಾತು. ಅಥವಾ ಕಾಯಿಸದೆ, ಪ್ರೆಸ್ಸಿನಲ್ಲಿ ತಣ್ಣಗೇ ಸ್ವಲ್ಪ ಸ್ವಲ್ಪ ಒತ್ತಿ ಬೆಂಡ್ ತರುವವರು ಇದ್ದಾರೆ. ಅದೂ ನಡೆಯುತ್ತದೆ, ಆದರೆ ಪಟ್ಟಿ ಆರೋಗ್ಯವಾಗಿರಬೇಕು. 1978ರ ಪಟ್ಟಿ, ಅದೂ ಕಾಪುವಿನ ಸಮುದ್ರದ ಗಾಳಿಯಲ್ಲಿ. ನೋಡಿ ಹೇಳಬೇಕು.

ಪಿಕಪ್ ಲೀಫ್. ಘಾಟಿ ಸವಾರರು ಹೇಳಿದ್ದು ಅವರ ಕೆಲಸಕ್ಕೆ ಸರಿ. ದಿನಾ ಏಳು ಜನ ಹತ್ತುವುದಾದರೆ ಗಟ್ಟಿತನ ಬೇಕು. ನಿಮ್ಮದು ಭಾನುವಾರದ ಗಾಡಿ, ನೀವೂ ಹೆಂಡತಿಯೂ ಹೋಗಿ ಬರುವುದು. ಅದಕ್ಕೆ ಪಿಕಪ್ ಪಟ್ಟಿ ಹಾಕಿದರೆ ಖಾಲಿ ಗಾಡಿ ಹಂಪ್ ಮೇಲೆ ಕುದುರೆಯ ಹಾಗೆ ಹಿಂಗಾಲು ಎತ್ತುತ್ತದೆ. ಮಳೆಯಲ್ಲಿ ತಿರುವಿನಲ್ಲಿ ಹಿಂದಿನ ಚಕ್ರ ರಸ್ತೆ ಬಿಟ್ಟರೆ ಎಂತ ಆಗುತ್ತದೆ ಅಂತ ನಾನು ಹೇಳಬೇಕಾ?

ಈಗ ನಿಮಗೆ ಸ್ವಲ್ಪ ಮನೆಕೆಲಸ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ. ಡಿಕ್ಕಿ ಖಾಲಿ ಮಾಡಿ, ನಾಲ್ಕೂ ಟೈರಿಗೆ ಸರಿ ಗಾಳಿ ಇರಲಿ. ಹಿಂದಿನ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳತೆ ತೆಗೆಯಿರಿ, ಎರಡೂ ಬದಿ. ಆಮೇಲೆ ಮುಂದಿನ ಕ್ರಾಸ್ ಮೆಂಬರ್‌ಗೆ (ಅಡ್ಡ ತೊಲೆಗೆ) ಸರಿಯಾಗಿ ಮಧ್ಯದಲ್ಲಿ ಟ್ರಾಲಿ ಜಾಕ್ ಕೊಟ್ಟು ಮುಂದಿನ ಚಕ್ರ ಎರಡೂ ನೆಲ ಬಿಡುವಷ್ಟು ಎತ್ತಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಮರೆಯಬೇಡಿ, ಕೆಳಗೆ ತಲೆ ಹಾಕಬೇಡಿ. ಹಾಗೇ ಇದ್ದಾಗ ಹಿಂದೆ ಮತ್ತೆ ಅಳೆಯಿರಿ.

ಯಾಕೆ ಅಂದರೆ, ಅಂಬಾಸಿಡರ್‌ಗೆ ಮುಂದೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. ಒಂದು ಬದಿಯ ಬಾರ್ ಸೋತರೆ ಇಡೀ ಗಾಡಿ ಆ ಕಡೆ ವಾಲುತ್ತದೆ, ಬೈಗಳು ಮಾತ್ರ ಹಿಂದಿನ ಸ್ಪ್ರಿಂಗಿಗೆ. ಮುಂದೆ ಒಂದೇ ಬಿಂದುವಿನ ಮೇಲೆ ಎತ್ತಿದಾಗ ಮುಂದಿನ ಎರಡೂ ಬಾರ್‌ಗಳ ಮಾತು ನಿಲ್ಲುತ್ತದೆ. ಆಗ ಉಳಿದ ವಾಲು ಹಿಂದಿನದ್ದೇ.

ಕೊನೆಗೆ ಟಾರ್ಚ್ ಹಿಡಿದು ಲೀಫ್‌ಗಳನ್ನು ಒಂದೊಂದಾಗಿ ನೋಡಿ. ಎಲ್ಲಾದರೂ ಬಿರುಕು ಇದ್ದರೆ ಯಾವ ಜಾಗ ಅಂತ ಬರೆಯಿರಿ. ತುದಿಯಲ್ಲಾ, ನಡುವಿನಲ್ಲಾ. ಅದು ಮುಖ್ಯ.

ನಿಟ್ಟೆ_ಮೆಕ್:

ಹಳೇ ಸ್ಪಾನರ್ ಹೇಳಿದ ಎತ್ತರ ಮತ್ತು ಗಟ್ಟಿತನದ ಮಾತಿಗೆ ಲೆಕ್ಕದ ಬೆಂಬಲ ಕೊಡುತ್ತೇನೆ. ನಾನು ಇದನ್ನೇ ಪಾಠ ಮಾಡುವವ.

ಲೀಫ್ ಸ್ಪ್ರಿಂಗಿನ ಗಟ್ಟಿತನ ನಾಲ್ಕು ಸಂಗತಿಗಳ ಮೇಲೆ ನಿಂತಿದೆ. ಪಟ್ಟಿಗಳ ಸಂಖ್ಯೆ, ಅಗಲ, ದಪ್ಪ, ಉದ್ದ. ಸಂಖ್ಯೆ ಮತ್ತು ಅಗಲ ನೇರ ಲೆಕ್ಕ. ಐದು ಪಟ್ಟಿ ಇದ್ದಲ್ಲಿ ಅದೇ ದಪ್ಪದ ಆರನೆಯದು ಹಾಕಿದರೆ ಸುಮಾರು ಶೇ. 20 ಗಟ್ಟಿ. ಆದರೆ ದಪ್ಪದ್ದು ಘನದ ಲೆಕ್ಕ. 6 ಮಿಮೀ ಪಟ್ಟಿಯ ಬದಲು 7 ಮಿಮೀ ಹಾಕಿದರೆ ಅದು ಸುಮಾರು 1.6 ಪಟ್ಟು ಗಟ್ಟಿ. 9 ಮಿಮೀ ಆದರೆ 3.4 ಪಟ್ಟು. ಅಂದರೆ ಕಾರಿನ 6 ಮಿಮೀ ಪಟ್ಟಿಗಳ ನಡುವೆ ಪಿಕಪ್ಪಿನ ಒಂದು 9 ಮಿಮೀ ತುರುಕಿದರೆ ನೀವು ಒಂದು ಪಟ್ಟಿ ಸೇರಿಸಿದ್ದಲ್ಲ, ಮೂರಕ್ಕಿಂತ ಜಾಸ್ತಿ ಸೇರಿಸಿದ ಹಾಗೆ. ಅಷ್ಟೇ ಅಲ್ಲ, ಎಲ್ಲ ಪಟ್ಟಿಗಳೂ ಒಂದೇ ರೀತಿ ಬಾಗುವಾಗ ದಪ್ಪ ಪಟ್ಟಿಯ ಮೇಲ್ಮೈಗೆ ಎಳೆತ ಜಾಸ್ತಿ. ಬೇರೆ ಬೇರೆ ದಪ್ಪ ಬೆರೆಸಿದರೆ ಮೊದಲು ಮುರಿಯುವುದು ಗಟ್ಟಿಮುಟ್ಟು ಅಂತ ಹಾಕಿದ ಅದೇ ಪಟ್ಟಿ.

ಇನ್ನೊಂದು, ಇದನ್ನು ವಿದ್ಯಾರ್ಥಿಗಳೂ ನಂಬುವುದಿಲ್ಲ. ಕುಳಿತುಹೋದ ಸ್ಪ್ರಿಂಗ್ ಮೆತ್ತಗಾಗಿರುವುದಿಲ್ಲ. ಉಕ್ಕಿನ ಸ್ಥಿತಿಸ್ಥಾಪಕ ಗುಣ ವಯಸ್ಸಾದರೆ ಕಡಿಮೆ ಆಗುವುದಿಲ್ಲ, ಹದ ಹೋದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತುಕ್ಕು ತಿಂದು ಪಟ್ಟಿ ತೆಳ್ಳಗಾಗದಿದ್ದರೆ, 100 ಕಿಲೋ ಇಟ್ಟಾಗ ಹೊಸದು ಎಷ್ಟು ತಗ್ಗುತ್ತದೋ ಹಳೆಯದೂ ಅಷ್ಟೇ ತಗ್ಗುತ್ತದೆ. ಹೋದದ್ದು ಬಿಲ್ಲಿನ ಆಕಾರ. ಮೊದಲೇ ಕೆಳಗೆ ಕುಳಿತ ಕಾರಣ ತಗ್ಗಲು ಜಾಗ ಇಲ್ಲ, ಆಕ್ಸಲ್ ಬಂಪ್ ಸ್ಟಾಪ್‌ಗೆ (ರಬ್ಬರ್ ತಡೆಗೆ) ಬಡಿಯುತ್ತದೆ. ನಿಮ್ಮ ಡಬ್ ಶಬ್ದ ಅದೇ.

ಘಾಟಿ_ಸವಾರ:

ಮೇಷ್ಟ್ರೇ, ಘನ ಗಿನ ನನಗೆ ಗೊತ್ತಿಲ್ಲ. ನಮ್ಮ ಪ್ಲೇಟ್ ಮುರಿಯಲಿಲ್ಲ.

ಹಳೇ_ಸ್ಪಾನರ್:

ನಿಮ್ಮದು ಅಂಬಾಸಿಡರ್‌ನದ್ದೇ ಪ್ಲೇಟ್ ಸೇರಿಸಿದ್ದು ಅಲ್ವಾ ಸವಾರರೇ? ಅದೇ ದಪ್ಪ, ಅದೇ ಬೆಂಡ್. ಹಾಗಾಗಿ ಮುರಿಯಲಿಲ್ಲ. ಆಗ ಕದ್ರಿಯಿಂದ ಕುಂದಾಪುರದ ತನಕ ಯಾವ ಗುಜರಿಗೆ ಹೋದರೂ ಅಂಬಾಸಿಡರ್ ಪ್ಲೇಟ್ ಸಿಗುತ್ತಿತ್ತು. 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಫ್ಯಾಕ್ಟರಿಯಲ್ಲಿ ಈ ಗಾಡಿ ಮಾಡುವುದೇ ನಿಂತಿತು. ಈಗ ಸಿಗುವುದು ಪಿಕಪ್ಪಿನದ್ದು.

ಕಾಪು_ಮಾರ್ಕ್3:

ಅಳತೆ ತೆಗೆದೆ. ಮಾಮೂಲಿಯಾಗಿ ನಿಂತಾಗ ಹಿಂದೆ ಬಲಗಡೆ ಎಡಕ್ಕಿಂತ 22 ಮಿಮೀ ತಗ್ಗು. ಮುಂದೆ ಮಧ್ಯದಲ್ಲಿ ಜಾಕ್ ಕೊಟ್ಟು ಎತ್ತಿದಾಗ ವ್ಯತ್ಯಾಸ 13 ಮಿಮೀಗೆ ಇಳಿಯಿತು. ಅಂದರೆ ಮುಂದಿನ ಟಾರ್ಷನ್ ಬಾರ್‌ನದ್ದೂ ಪಾಲು ಉಂಟು ಅಂತಾಯಿತು, ಅಲ್ವಾ?

ಬಿರುಕಿಗಾಗಿ ಹುಡುಕಿದೆ. ಬಲಗಡೆ ಮೇಲಿನಿಂದ ಎರಡನೆಯ ಪಟ್ಟಿ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ನ ಪಕ್ಕದಲ್ಲೇ ಮುರಿದಿದೆ. ಬಿರುಕಲ್ಲ, ಪೂರ್ತಿ ತುಂಡು. ಒಳಗೆ ತುಕ್ಕು ಹಿಡಿದು ಕಪ್ಪಾಗಿದೆ, ಹಾಗಾಗಿ ಮುರಿದು ತುಂಬ ಸಮಯ ಆಗಿರಬೇಕು. ಪಟ್ಟಿಗಳನ್ನು ಹಿಡಿದಿಡುವ ಕ್ಲಿಪ್ ಎರಡೂ ಬದಿ ಬಿಚ್ಚಿಕೊಂಡಿದೆ. ಅಪ್ಪ ಹೇಳಿದರು, ಯಾವಾಗಲೋ ಆಕ್ಸಲ್ ಕೆಲಸಕ್ಕೆ ಒಂದು ಕಡೆ ಬಿಚ್ಚಿ ಹಾಕಿಸಿದ್ದರಂತೆ.

ಹಳೇ_ಸ್ಪಾನರ್:

ಮುರಿದ ಜಾಗವೇ ಕಾರಣ ಹೇಳುತ್ತದೆ. ಪಟ್ಟಿ ನಡುವಿನಲ್ಲಿ, ಸೆಂಟರ್ ಬೋಲ್ಟ್ (ಪಟ್ಟಿಗಳನ್ನೆಲ್ಲ ಪೋಣಿಸುವ ನಡುವಿನ ಬೋಲ್ಟ್) ಅಥವಾ ಯು ಬೋಲ್ಟ್ ಹತ್ತಿರ ಮುರಿದರೆ ಮೊದಲ ಅನುಮಾನ ಯು ಬೋಲ್ಟ್ ಸಡಿಲದ ಮೇಲೆ. ಯು ಬೋಲ್ಟ್ ಬಿಗಿ ಇದ್ದರೆ ಆ ನಡುವಿನ ಭಾಗ ಬಾಗುವುದೇ ಇಲ್ಲ, ಆಕ್ಸಲ್ ಜೊತೆ ಒಂದೇ ತುಂಡಾಗಿ ಇರುತ್ತದೆ. ಸಡಿಲ ಆದರೆ ಬಾಗಲು ಶುರು, ಅದೂ ಸೆಂಟರ್ ಬೋಲ್ಟಿನ ತೂತು ಇರುವ ಬಲಹೀನ ಜಾಗದಲ್ಲಿ. ತುಂಬ ಜನ ಸೆಂಟರ್ ಬೋಲ್ಟ್ ಆಕ್ಸಲನ್ನು ಹಿಡಿದಿದೆ ಅಂದುಕೊಂಡಿದ್ದಾರೆ. ಅದು ಬರೀ ಜಾಗ ತೋರಿಸುವುದು. ಹಿಡಿಯುವುದು ಯು ಬೋಲ್ಟ್. ಆವತ್ತು ಆಕ್ಸಲ್ ಕೆಲಸ ಮಾಡಿದವರು ಹಳೆ ಯು ಬೋಲ್ಟನ್ನೇ ತಿರುಗಿ ಹಾಕಿ, ಆಮೇಲೆ ಯಾರೂ ಬಿಗಿ ಮಾಡಿರಲಿಕ್ಕಿಲ್ಲ.

ಹಾಗಾದರೆ ತೀರ್ಮಾನ ಸುಲಭ. ಮುರಿದ ಪಟ್ಟಿ, ಬಿಚ್ಚಿದ ಕ್ಲಿಪ್, ತುಕ್ಕು. ಇದಕ್ಕೆ ಬೆಂಡ್ ಕೊಡಿಸುವ ಮಾತೇ ಇಲ್ಲ. ಹೊಸ ಸೆಟ್, ಎರಡೂ ಬದಿಗೆ. ಬಲಗಡೆ ಮಾತ್ರ ಹೊಸತು ಹಾಕಿದರೆ ಎಡಗಡೆ ವಾಲುವ ಗಾಡಿ ಸಿಗುತ್ತದೆ.

ಆರಿಸುವುದು ಹೇಗೆ? ಬೆಂಗಳೂರಿನ ಜೆ.ಸಿ. ರೋಡ್, ಚೆನ್ನೈಯ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್, ಈ ಕಡೆಗಳಲ್ಲಿ ಅಂಬಾಸಿಡರ್ ಸಾಮಾನು ಇನ್ನೂ ತಿರುಗಾಡುತ್ತಿದೆ. ಫೋನಿನಲ್ಲಿ "ಅಂಬಾಸಿಡರ್ ಸೆಟ್" ಅಂತ ಹೇಳಿ ದುಡ್ಡು ಹಾಕಬೇಡಿ. ಟ್ಯಾಕ್ಸಿಗೆ ಅಂತ ಗಟ್ಟಿ ಮಾಡಿದ್ದೂ ಸಿಗುತ್ತದೆ, ಡೀಸೆಲ್ ಗಾಡಿಯದ್ದು ಅಂತ ಹೇಳಿ ಕೊಡುವವರೂ ಇದ್ದಾರೆ. ನಿಮ್ಮ ಹಳೆಯದರ ಪಟ್ಟಿ ಎಷ್ಟು, ಪ್ರತಿಯೊಂದರ ದಪ್ಪ ಎಷ್ಟು, ಅಗಲ ಎಷ್ಟು, ಮೈನ್ ಲೀಫ್‌ನ (ಎಲ್ಲಕ್ಕಿಂತ ಉದ್ದದ ಪಟ್ಟಿಯ) ಎರಡು ಕಣ್ಣುಗಳ, ಅಂದರೆ ತುದಿಯ ಉಂಗುರಗಳ, ನಡುವಿನ ಉದ್ದ ಎಷ್ಟು, ಮುಂದಿನ ಕಣ್ಣಿನಿಂದ ಸೆಂಟರ್ ಬೋಲ್ಟ್‌ಗೆ ಎಷ್ಟು, ಕಣ್ಣಿನ ಒಳಗಿನ ವ್ಯಾಸ ಎಷ್ಟು. ಇಷ್ಟು ಬರೆದು, ಫೋಟೋ ಸಮೇತ ಕಳಿಸಿ. ದಪ್ಪವನ್ನು ತುಕ್ಕಿನ ಮೇಲೆ ಅಳೆಯಬೇಡಿ. ಪಟ್ಟಿ ಉಜ್ಜಿ, ವರ್ನಿಯರ್ ಇಟ್ಟು ನೋಡಿ. ಒಂದು ಮಿಲಿಮೀಟರ್ ಎಷ್ಟು ಆಟ ಆಡಿಸುತ್ತದೆ ಅಂತ ಮೇಷ್ಟ್ರು ಹೇಳಿದ್ದಾರಲ್ಲ.

ಮುಂದಿನ ಕಣ್ಣಿನಿಂದ ಸೆಂಟರ್ ಬೋಲ್ಟ್‌ಗೆ ಯಾಕೆ ಬೇರೆ ಅಳತೆ ಅಂದರೆ, ಎಲ್ಲ ಗಾಡಿಯಲ್ಲೂ ಆಕ್ಸಲ್ ಸ್ಪ್ರಿಂಗಿನ ಸರಿ ಮಧ್ಯದಲ್ಲಿ ಕೂರುವುದಿಲ್ಲ. ಕ್ರೈಸ್ಲರ್‌ನವರು ಡಾಡ್ಜ್, ಪ್ಲಿಮತ್ ಗಾಡಿಗಳಲ್ಲಿ ಇದನ್ನು ಬೇಕೆಂದೇ ಮಾಡಿದ್ದರು. ಆಕ್ಸಲ್‌ನಿಂದ ಮುಂದಿನ ಭಾಗ ಗಿಡ್ಡ ಮತ್ತು ಗಟ್ಟಿ, ಹಿಂದಿನದು ಉದ್ದ ಮತ್ತು ಮೆದು. ಆಕ್ಸಿಲರೇಟರ್ ಒತ್ತಿದಾಗ ಚಕ್ರ ಮುಂದಕ್ಕೆ ತಿರುಗಿದರೆ ಆಕ್ಸಲ್‌ನ ಹೊರಕವಚ ಹಿಂದಕ್ಕೆ ತಿರುಗಲು ನೋಡುತ್ತದೆ. ಸ್ಪ್ರಿಂಗ್ ಅದನ್ನು ತಡೆಯಬೇಕು. ಗಿಡ್ಡ ಮುಂಭಾಗ ಅದನ್ನು ಚೆನ್ನಾಗಿ ತಡೆಯುತ್ತದೆ. ಇದಕ್ಕೆ ಉಲ್ಟಾ ಅಂದರೆ 1967ರ ಕಮಾರೊ. ಅದಕ್ಕೆ ಬದಿಗೊಂದೇ ಲೀಫ್ ಕೊಟ್ಟಿದ್ದರು. ನೆಮ್ಮದಿಯಾಗಿ ಓಡಿಸಿದರೆ ಚೆಂದ. ಜೋರಾಗಿ ಎತ್ತಿದರೆ ಆ ಒಂದು ಪಟ್ಟಿ ಹಾವಿನ ಹಾಗೆ ಸುರುಳಿ ಬಿದ್ದು ಬಿಚ್ಚಿ, ಹಿಂದಿನ ಚಕ್ರ ಕುಪ್ಪಳಿಸುತ್ತಿತ್ತು. 1968ರಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ಒಂದನ್ನು ಆಕ್ಸಲ್‌ನ ಮುಂದೆ, ಇನ್ನೊಂದನ್ನು ಹಿಂದೆ ಇಟ್ಟು, ಶಕ್ತಿ ಜಾಸ್ತಿ ಇದ್ದ ಮಾದರಿಗಳಿಗೆ ಹಲವು ಲೀಫ್ ಕೊಟ್ಟು ಸರಿ ಮಾಡಿದರು. ಕುವೈತಿನಲ್ಲಿ 67ರ ಗಾಡಿ ಬಂದರೆ ನಾವು ಮೊದಲು ಬಗ್ಗಿ ನೋಡುವುದೇ ಈ ಲೀಫನ್ನು. ನಿಮ್ಮ 1489 ಸಿಸಿಗೆ ಆ ಭಯ ಇಲ್ಲ. ಅದು ಎಷ್ಟು ಒತ್ತಿದರೂ ಯೋಚನೆ ಮಾಡಿ ಹೊರಡುವ ಎಂಜಿನ್.

ಇನ್ನು ಉದ್ದದ ಶಾಕಲ್. ಬೇಡ. ಹಿಂದೆ ಎತ್ತರ ಬರುತ್ತದೆ, ನಿಜ. ಜೊತೆಗೆ ಆಕ್ಸಲ್ ಒಂಚೂರು ತಿರುಗಿ ಎಂಜಿನ್ ಶಕ್ತಿಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, 60 ದಾಟಿದರೆ ಗಾಡಿ ನಡುಗಬಹುದು. ಉದ್ದದ ಶಾಕಲ್ ಪಕ್ಕಕ್ಕೂ ಬಾಗುತ್ತದೆ, ತಿರುವಿನಲ್ಲಿ ಹಿಂಭಾಗ ತೂಗುತ್ತದೆ. ಅಮೆರಿಕದಲ್ಲಿ 70ರ ದಶಕದಲ್ಲಿ ಹುಡುಗರು ಇದನ್ನೇ ಮಾಡುತ್ತಿದ್ದರು. ಹಿಂದೆ ದಪ್ಪ ಟೈರ್ ಹಾಕಿದ್ದಕ್ಕೆ ಜಾಗ ಬೇಕಿತ್ತು ಅವರಿಗೆ. ನಿಮಗೆ ಆ ಲುಕ್ ಬೇಕೇಬೇಕು ಅಂದರೆ ಹೊಸ ಸ್ಪ್ರಿಂಗ್ ಹಾಕಿ, ಮುಂದಿನ ಟಾರ್ಷನ್ ಬಾರ್ ಎತ್ತರ ಸರಿ ಮಾಡಿಸುವಾಗ ಕಂಪೆನಿ ಹೇಳಿದ ಅಳತೆಯ ಕೆಳಗಿನ ಅಂಚಿಗೆ ಇಟ್ಟುಕೊಳ್ಳಿ. ಹೇಗೂ ಬಲಗಡೆಯ ಬಾರ್ ಕೆಲಸ ಉಂಟು. ಅಷ್ಟರಲ್ಲೇ ಗಾಡಿಯ ಮುಖ ಬದಲಾಗುತ್ತದೆ.

ಬಂದರು_ಬೊಲೆರೊ:

ನಡುವೆ ಬಾಯಿ ಹಾಕುತ್ತೇನೆ. ಸ್ಪ್ರಿಂಗ್ ಹಾಕುವ ಮೊದಲು ಸ್ಪ್ರಿಂಗ್ ತೂಗುವ ಬ್ರಾಕೆಟ್ ನೋಡಿ ಮಾರಾಯ್ರೇ. ಅಂಬಾಸಿಡರ್‌ಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಸ್ಪ್ರಿಂಗ್ ತೂಗುವುದು ಬಾಡಿಯ ತಗಡಿಗೆ. ನಮ್ಮ ಕಡೆ ಕೆಂಪು ಮಣ್ಣು ಆ ಮೂಲೆಯಲ್ಲಿ ಹೋಗಿ ಕೂತರೆ ಮೇ ತಿಂಗಳಲ್ಲೂ ಒಣಗುವುದಿಲ್ಲ. ಅದರ ಮೇಲೆ ಮಲ್ಪೆಯಿಂದ ಬರುವ ಮೀನು ಲಾರಿಯ ನೀರು. ಐಸ್ ಕರಗಿದ ಉಪ್ಪು ನೀರು ಹೆದ್ದಾರಿ ಉದ್ದಕ್ಕೂ ಸುರಿಸಿಕೊಂಡು ಹೋಗುತ್ತಾರೆ. ಹಿಂದೆ ಹೋಗುವವನ ಗಾಡಿಯ ಹೊಟ್ಟೆ ಪೂರ್ತಿ ಅದೇ.

ಸ್ಕ್ರೂಡ್ರೈವರ್ ತೆಗೆದುಕೊಂಡು ಬ್ರಾಕೆಟ್ ಸುತ್ತ ಚುಚ್ಚಿ. ಒಳಗೆ ಹೋದರೆ ಮೊದಲು ವೆಲ್ಡಿಂಗ್, ಆಮೇಲೆ ಸ್ಪ್ರಿಂಗ್. ಕೊಳೆತ ತಗಡಿಗೆ ಹೊಸ ಸ್ಪ್ರಿಂಗ್ ಹಾಕಿದರೆ ಬೋಲ್ಟ್ ಸಮೇತ ಕಿತ್ತುಕೊಂಡು ಬರುತ್ತದೆ.

ಮತ್ತೆ ಎಂಜಿನ್‌ನಿಂದ ತೆಗೆದ ಹಳೆ ಆಯಿಲ್ ಲೀಫಿಗೆ ಹೊಡೆಯುವ ಅಭ್ಯಾಸ ಉಂಟಲ್ಲ ನಮ್ಮ ಊರಿನಲ್ಲಿ. ತುಕ್ಕಿಗೆ ಒಳ್ಳೆಯದು ಅಂತ. ಪಟ್ಟಿಗೇನೋ ಸರಿ, ಆದರೆ ಅದು ಸ್ಪ್ರಿಂಗಿನ ಕಣ್ಣಿನ ಒಳಗಿರುವ ರಬ್ಬರ್ ಬುಶ್‌ಗೆ ಇಳಿದರೆ ಬುಶ್ ಉಬ್ಬಿ ಮೆತ್ತಗಾಗುತ್ತದೆ. ಧೂಳು ಹಿಡಿದು ಉಜ್ಜುಕಾಗದದ ಕೆಲಸವನ್ನೂ ಮಾಡುತ್ತದೆ. ಹೊಸ ಸೆಟ್ ಬಂದ ಮೇಲೆ ಬಿಚ್ಚಿ, ಪ್ರತಿ ಪಟ್ಟಿಗೂ ಜಿಂಕ್ ಪ್ರೈಮರ್ ಹೊಡೆದು, ಒಣಗಿದ ಮೇಲೆ ನಡುವೆ ತೆಳ್ಳಗೆ ಗ್ರಾಫೈಟ್ ಗ್ರೀಸ್ ಹಾಕಿ ಜೋಡಿಸಿ.

ಕಾಪು_ಮಾರ್ಕ್3:

ಚುಚ್ಚಿ ನೋಡಿದೆ. ಎಡಗಡೆ ಗಟ್ಟಿ ಇದೆ. ಬಲಗಡೆ ಶಾಕಲ್ ಮೇಲಿನ ತಗಡು ಒಂದು ಅಂಗೈಯಷ್ಟು ಹೋಗಿದೆ. ವೆಲ್ಡಿಂಗಿಗೆ ಕಟಪಾಡಿಯಲ್ಲಿ ಮಾತಾಡಿದೆ. ಬೆಂಗಳೂರಿನ ಅಂಗಡಿಯವರು ಅಳತೆ ನೋಡಿ ಸ್ಟಾಂಡರ್ಡ್ ಸೆಟ್ ಉಂಟು ಅಂದಿದ್ದಾರೆ, ಬಸ್ಸಿಗೆ ಹಾಕುತ್ತಾರಂತೆ. ಬುಶ್ ಪಾಲಿಯುರೆಥೇನ್‌ದು ಹಾಕಿ, ರಬ್ಬರ್ ಹಳೆ ಕಾಲದ್ದು ಅಂತ ಅವರೇ ಹೇಳುತ್ತಿದ್ದಾರೆ. ಮತ್ತೆ ಫಿಟ್ಟಿಂಗ್ ನಾನೂ ತಮ್ಮನೂ ಮನೆಯಲ್ಲೇ ಮಾಡಿದರೆ ಆಗುತ್ತದಾ?

ಹಳೇ_ಸ್ಪಾನರ್:

ಬುಶ್ ರಬ್ಬರೇ ಇರಲಿ. ಪಾಲಿ ರೇಸಿನವರಿಗೆ. ಲೀಫ್ ಸ್ಪ್ರಿಂಗ್ ಮೇಲೆ ಕೆಳಗೆ ಮಾತ್ರ ಹೋಗುವುದಲ್ಲ. ಗಾಡಿ ಒಂದು ಬದಿಗೆ ವಾಲಿದಾಗ ಪಟ್ಟಿ ಒಂಚೂರು ತಿರುಚಿಕೊಳ್ಳುತ್ತದೆ. ರಬ್ಬರ್ ಅದಕ್ಕೆ ಜಾಗ ಕೊಡುತ್ತದೆ, ಪಾಲಿ ಕೊಡುವುದಿಲ್ಲ. ಮೇಲಿಂದ ಕಿರ್‌ಕಿರ್ ಶಬ್ದ. ಕುವೈತಿನಲ್ಲಿ ಪಾಲಿ ಹಾಕಿಸಿಕೊಂಡು ಹೋದ ಗಿರಾಕಿಗಳು ಶಬ್ದ ತಡೆಯದೆ ರಬ್ಬರ್‌ಗೆ ವಾಪಸ್ ಬಂದದ್ದು ತುಂಬ ನೋಡಿದ್ದೇನೆ.

ಮನೆಯಲ್ಲೇ ಮಾಡಬಹುದು, ಆದರೆ ಸಿಮೆಂಟ್ ನೆಲ ಬೇಕು. ಅಂಗಳದ ಮಣ್ಣಿನಲ್ಲಿ ಸ್ಟಾಂಡ್ ಹೂತು ಹೋಗುತ್ತದೆ. ಕೆಂಪು ಕಲ್ಲು ಪೇರಿಸಿ ಅದರ ಮೇಲೆ ಗಾಡಿ ಇಡುವ ಧೈರ್ಯ ಮಾಡಬೇಡಿ, ಆ ಕಲ್ಲು ಹೇಳದೆ ಕೇಳದೆ ಒಡೆಯುತ್ತದೆ.

ಶುರು ಮಾಡುವ ಕೆಲವು ದಿನ ಮೊದಲೇ ಎಲ್ಲ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ದಿನಾ ಹೊಡೆಯಿರಿ. ಇಡೀ ಕೆಲಸದಲ್ಲಿ ನಿಮ್ಮ ಪ್ರಾಣ ತಿನ್ನುವುದು ಮುಂದಿನ ಐ ಬೋಲ್ಟ್ ಒಂದೇ. ಅದು ಬುಶ್‌ನ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಒಂದಾಗಿರುತ್ತದೆ. ನಟ್ ಬಿಚ್ಚಿದರೂ ಬೋಲ್ಟ್ ಬರುವುದಿಲ್ಲ, ಸ್ಪ್ರಿಂಗ್ ಸಮೇತ ತಿರುಗುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ಬೋಲ್ಟಿನ ತುದಿ ಅಣಬೆ ಆಗುತ್ತದೆ, ಬ್ರಾಕೆಟ್ ಬಾಗುತ್ತದೆ. ಬಾರದಿದ್ದರೆ ಜಗಳ ಬೇಡ, ಬ್ರಾಕೆಟಿಗೂ ಬುಶ್‌ಗೂ ನಡುವೆ ಬ್ಲೇಡ್ ಹಾಕಿ ಕೊಯ್ದು ತೆಗೆಯಿರಿ. ಹೇಗೂ ಬೋಲ್ಟ್, ಬುಶ್ ಎರಡೂ ಹೊಸದು ಹಾಕುವುದು. ಯು ಬೋಲ್ಟನ್ನೂ ಗ್ರೈಂಡರ್‌ನಲ್ಲಿ ಕೊಯ್ಯಿರಿ. ಒಮ್ಮೆ ಬಿಗಿ ಮಾಡಿ ಬಿಚ್ಚಿದ ಯು ಬೋಲ್ಟ್ ಎಳೆದಿರುತ್ತದೆ, ಅದನ್ನು ತಿರುಗಿ ಹಾಕುವ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲಿದೆ ನೋಡಿಕೊಂಡು ಕಿಡಿ ಬೇರೆ ಕಡೆ ಹಾರುವ ಹಾಗೆ ಹಿಡಿಯಿರಿ. ಒದ್ದೆ ಗೋಣಿ, ಒಂದು ಬಕೆಟ್ ನೀರು ಪಕ್ಕದಲ್ಲಿರಲಿ.

ಮುಂದಿನ ಚಕ್ರಕ್ಕೆ ಎರಡೂ ಕಡೆ ತಡೆ ಕೊಡಿ. ಹಿಂದೆ ಎತ್ತಿ, ಸ್ಟಾಂಡನ್ನು ಸ್ಪ್ರಿಂಗಿನ ಮುಂದಿನ ಬ್ರಾಕೆಟಿಗಿಂತ ಸ್ವಲ್ಪ ಮುಂದೆ, ಬಾಡಿಯ ಗಟ್ಟಿ ಪೆಟ್ಟಿಗೆ ಭಾಗಕ್ಕೆ ಕೊಡಿ. ಆಕ್ಸಲ್‌ಗೆ ಅಲ್ಲ. ಆಕ್ಸಲ್ ಕೆಳಗೆ ಟ್ರಾಲಿ ಜಾಕ್ ಇರಲಿ, ಅದನ್ನು ಮೇಲೆ ಕೆಳಗೆ ಮಾಡಿ ತೂತುಗಳನ್ನು ಹೊಂದಿಸಬೇಕು. ಬ್ರೇಕಿನ ರಬ್ಬರ್ ಪೈಪಿನ ಮೇಲೆ ಆಕ್ಸಲ್ ತೂಗಬಾರದು. ಎರಡೂ ಬದಿ ಒಟ್ಟಿಗೆ ಬಿಚ್ಚಬೇಡಿ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಇಲ್ಲದಿದ್ದರೆ ಆಕ್ಸಲ್ ಉರುಳಾಡಿ ಅದನ್ನು ಮತ್ತೆ ಜಾಗಕ್ಕೆ ತರುವುದರಲ್ಲಿ ಸಂಜೆ ಆಗುತ್ತದೆ.

ಹೊಸ ಸ್ಪ್ರಿಂಗ್ ಇಡುವಾಗ ಮುಂದಿನ ತುದಿ ಯಾವುದು ನೋಡಿ ಇಡಿ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ತೂತಿನಲ್ಲಿ ಪೂರ್ತಿ ಕೂತಿದೆಯಾ ಅಂತ ಬೆರಳು ಹಾಕಿ ನೋಡಿ, ಅಂದಾಜು ಬೇಡ. ಯು ಬೋಲ್ಟ್ ನಾಲ್ಕೂ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಎರಡೂ ಕಾಲಿನಲ್ಲಿ ನಟ್‌ನ ಹೊರಗೆ ಉಳಿದ ಥ್ರೆಡ್ ಸಮ ಇರಬೇಕು.

ಈಗ ಎಲ್ಲಕ್ಕಿಂತ ಮುಖ್ಯ. ಐ ಬೋಲ್ಟ್, ಶಾಕಲ್ ನಟ್ ಇವನ್ನು ಗಾಡಿ ಗಾಳಿಯಲ್ಲಿ ಇರುವಾಗ ಕೊನೆಯ ಬಿಗಿ ಮಾಡಬೇಡಿ. ಕೈಬಿಗಿ ಸಾಕು. ಚಕ್ರ ಹಾಕಿ, ಗಾಡಿ ಇಳಿಸಿ, ಹಿಂದೆ ಒಬ್ಬ ನಿಂತು ಮೇಲೆ ಕೆಳಗೆ ಒತ್ತಿ, ಭಾರ ಪೂರ್ತಿ ಚಕ್ರದ ಮೇಲೆ ಬಂದ ನಂತರ ಬಿಗಿ. ಬಿಗಿ ಮಾಡಿದ ಕೂಡಲೇ ಬುಶ್‌ನ ಒಳಗಿನ ಕೊಳವೆ ಬ್ರಾಕೆಟಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಪ್ರತಿ ಅಲುಗಾಟಕ್ಕೂ ರಬ್ಬರ್ ತಿರುಚಿಕೊಳ್ಳಬೇಕು. ಆಕ್ಸಲ್ ತೂಗುತ್ತಿರುವಾಗ ಬಿಗಿ ಮಾಡಿದರೆ, ಗಾಡಿ ಸುಮ್ಮನೆ ನಿಂತಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಗಾಡಿ ಸುಳ್ಳೇ ಎತ್ತರ ಕಾಣುತ್ತದೆ, ಬುಶ್ ಬೇಗ ಹರಿಯುತ್ತದೆ, ಆಮೇಲೆ ಬೈಗಳು ಬೆಂಗಳೂರಿನ ಅಂಗಡಿಯವನಿಗೆ. ದೊಡ್ಡ ದೊಡ್ಡ ಗ್ಯಾರೇಜಿನಲ್ಲೂ ಲಿಫ್ಟ್ ಮೇಲೆಯೇ ಟೈಟ್ ಮಾಡಿ ಕಳಿಸುವವರಿದ್ದಾರೆ. ನಿಮ್ಮ ಊರಿನಲ್ಲಿ ಗುಂಡಿ ಇರುವ ಸರ್ವಿಸ್ ಸ್ಟೇಷನ್ ಇದ್ದರೆ ಕೈಬಿಗಿಯಲ್ಲೇ ನಿಧಾನ ಅಲ್ಲಿಗೆ ಹೋಗಿ ಬಿಗಿ ಮಾಡಿ. ದೂರ ಇದ್ದರೆ ಬೇಡ, ಚಕ್ರದ ಕೆಳಗೆ ದಪ್ಪ ಹಲಗೆ ಕೊಟ್ಟು ಮನೆಯಲ್ಲೇ ಮಾಡಿ.

ನಿಟ್ಟೆ_ಮೆಕ್:

ಬಿಗಿ ಮಾಡುವಾಗ ಶಾಕಲ್‌ನ ಕೋನ ಒಮ್ಮೆ ನೋಡಿ. ಸ್ಪ್ರಿಂಗ್ ತಗ್ಗಿದಾಗ ಉದ್ದ ಆಗುತ್ತದೆ, ಶಾಕಲ್ ಹಿಂದಕ್ಕೆ ತೂಗಿ ಅದಕ್ಕೆ ಜಾಗ ಕೊಡಬೇಕು. ಖಾಲಿ ಗಾಡಿಯಲ್ಲಿ ಶಾಕಲ್‌ನ ಕೆಳತುದಿ ಒಂಚೂರು ಹಿಂದಕ್ಕೆ ವಾಲಿದ್ದರೆ ಸರಿ. ಮುಂದಕ್ಕೆ ಮಡಚಿಕೊಂಡು ನಿಂತಿದ್ದರೆ ಬೆಂಡ್ ಜಾಸ್ತಿ ಇರುವ ಸೆಟ್ ಬಂದಿದೆ ಅಂತ ಅರ್ಥ. ಎಷ್ಟು ಒಳ್ಳೆಯ ಸ್ಪ್ರಿಂಗ್ ಆದರೂ ಅದು ಕಲ್ಲಿನ ಹಾಗೆ ಓಡುತ್ತದೆ.

ಘಾಟಿ_ಸವಾರ:

ಒಂದು ಸೇರಿಸುತ್ತೇನೆ. ಹೊಸ ಸೆಟ್ ಮೊದಲು ಎತ್ತರ ಕಾಣುತ್ತದೆ, ಸ್ವಲ್ಪ ಓಡಿದ ಮೇಲೆ ಕೂರುತ್ತದೆ. ಅದು ಮಾಮೂಲು. ಅಲ್ಲಿಯ ತನಕ ಹೆಡ್‌ಲೈಟ್ ಸೆಟ್ ಮಾಡಿಸಿ ದುಡ್ಡು ಹಾಳು ಮಾಡಬೇಡಿ. ಆಗುಂಬೆ ಹತ್ತಿಸಿ ಇಳಿಸಿ, ತಾನಾಗಿ ಕೂರುತ್ತದೆ.

ಹಳೇ_ಸ್ಪಾನರ್:

ಇದಕ್ಕೆ ನನ್ನ ಒಪ್ಪಿಗೆ ಉಂಟು. ಆಗುಂಬೆಗೆ ಹೋಗುವ ಮೊದಲು ಹತ್ತಿರದಲ್ಲೇ ಒಂದು ಸುತ್ತು ಓಡಿಸಿ ಯು ಬೋಲ್ಟ್ ನೋಡಿ. ಘಾಟಿ ಇಳಿದು ಬಂದ ಮೇಲೆ ಇನ್ನೊಮ್ಮೆ. ಪಟ್ಟಿಗಳ ನಡುವಿನ ಪ್ರೈಮರ್, ಗ್ರೀಸ್ ಒತ್ತಿಕೊಂಡು ತೆಳ್ಳಗಾಗುವಾಗ ಯು ಬೋಲ್ಟ್ ಸಡಿಲ ಆಗಿಯೇ ಆಗುತ್ತದೆ. ಪ್ರೈಮರ್ ತೆಳ್ಳಗೇ ಹೊಡೆಯಿರಿ, ಸೆಂಟರ್ ಬೋಲ್ಟಿನ ಹತ್ತಿರ ಗ್ರೀಸ್ ಬೇಡ. ಆಮೇಲೆ ಟಾರ್ಷನ್ ಬಾರ್, ಅದು ಮುಗಿದ ನಂತರ ಹೆಡ್‌ಲೈಟ್. ಈ ಕ್ರಮ ತಪ್ಪಿಸಬೇಡಿ.

ಕಾಪು_ಮಾರ್ಕ್3:

ಆಯ್ತು. ಸೆಟ್ ಶುಕ್ರವಾರ ಬರುತ್ತದೆ. ಯು ಬೋಲ್ಟ್ ಮಾತ್ರ ಅಂಗಡಿಯಲ್ಲಿ ಇಲ್ಲವಂತೆ. ಮಂಗಳೂರಿನಲ್ಲಿ ಮಾಡಿಸಬಹುದಾ?

ಬಂದರು_ಬೊಲೆರೊ:

ಬೈಕಂಪಾಡಿ ಕಡೆ ಲಾರಿಗೆ ಮಾಡಿಕೊಡುವವರು ಇದ್ದಾರೆ. ಹಳೆಯದನ್ನು ಕೊಯ್ಯುವ ಮೊದಲು ಅದರ ಒಳ ಅಗಲ, ಕಾಲಿನ ಉದ್ದ, ರಾಡಿನ ದಪ್ಪ ಅಳೆದು ಬರೆದಿಟ್ಟುಕೊಳ್ಳಿ. ಒಂದನ್ನು ಪೂರ್ತಿ ಬಿಚ್ಚಿ ಸ್ಯಾಂಪಲ್‌ಗೆ ತಂದರೆ ಇನ್ನೂ ಒಳ್ಳೆಯದು. ಮನೆ ಕಟ್ಟುವ ಸರಳು ಬಗ್ಗಿಸಿ ಥ್ರೆಡ್ ಹಾಕಿ ಕೊಡುವವರೂ ಸಿಗುತ್ತಾರೆ, ಅದನ್ನು ತೆಗೆದುಕೊಳ್ಳಬೇಡಿ. ಹೈ ಟೆನ್ಸೈಲ್ ರಾಡ್ ಅಂತಲೇ ಕೇಳಿ, ನಟ್ಟೂ ಅದೇ ಗ್ರೇಡಿನದ್ದು ಬೇಕು ಅನ್ನಿ. ಬರುವಾಗ ಫೋನ್ ಮಾಡಿ, ನಾನು ಸುರತ್ಕಲ್‌ನಲ್ಲಿ ಸಿಗುತ್ತೇನೆ, ಅಂಗಡಿ ತೋರಿಸುವ.